ಕಿರಣ ಹಾಯಿಸಿದ ಮಾವು ತಿನ್ನಬಹುದೇ?

ಕೋಲಾರದ ಓದುಗರೊಬ್ಬರು ಬರೆದಿದ್ದಾರೆ: ಅಮೆರಿಕದಲ್ಲಿರುವ ಮಗಳು ಅಲ್ಲಿ ಭಾರತದ ಮಾವಿನ ಹಣ್ಣು ಕೊಂಡಿದ್ದಾಳೆ. ಡಬ್ಬಿಯ ಮೇಲೆ ‘ವಿಕಿರಣದಿಂದ ಸಂಸ್ಕರಿಸಿದ್ದು’ ಎಂದಿದೆ. ‘ಮೊಮ್ಮಗುವಿಗೆ ಕೊಡಬಹುದೇ? ಇದು ಅಣುಬಾಂಬಿನ ವಿಷವೇ ಅಲ್ವಾ?’

ಅಲ್ಲ. ಧಾರಾಳವಾಗಿ ಕೊಡಲಿ.

ದಪ್ಪ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ ಗಾಮಾ ಕಿರಣ ಸೂಸುವ ಕೋಬಾಲ್ಟ್-60 ಎಂಬ ಲೋಹದ ಸರಳುಗಳಿರುತ್ತವೆ. ಹಣ್ಣಿನ ಡಬ್ಬಿಗಳು ಅವುಗಳ ಪಕ್ಕದಲ್ಲಿ ಹಾದು ಹೊರಗೆ ಬರುತ್ತವೆ, ಅಷ್ಟೇ. ಹಣ್ಣಿಗೆ ಕೋಬಾಲ್ಟ್ ತಾಗುವುದೇ ಇಲ್ಲ. ಎಕ್ಸ್‌ರೇ ತೆಗೆಸಿಕೊಂಡವರು ಮನೆಗೆ ವಿಕಿರಣ ಹೊತ್ತು ತರುತ್ತಾರೆಯೇ? ಇದೂ ಹಾಗೆಯೇ.

ಅಮೆರಿಕದವರ ಭಯ ಮಾವಿನ ವಾಟೆಯೊಳಗೆ ಕೂರುವ ಹುಳದ ಬಗ್ಗೆ. ಹೊರಗೆ ಹಣ್ಣು ಚೆನ್ನಾಗೇ ಕಾಣುತ್ತದೆ, ಒಡೆದಾಗಲೇ ಗೊತ್ತಾಗುವುದು. ಕನಿಷ್ಠ 400 ಗ್ರೇ (ಹಣ್ಣು ಹೀರಿಕೊಳ್ಳುವ ವಿಕಿರಣದ ಅಳತೆ) ಕಿರಣ ಕೊಟ್ಟರೆ ಹುಳ ಕೂಡಲೇ ಸಾಯದಿರಬಹುದು, ಆದರೆ ಅದರ ಸಂತತಿ ಬೆಳೆಯುವುದಿಲ್ಲ. ಈ ಏರ್ಪಾಡಿನಿಂದಲೇ 2007ರಲ್ಲಿ ನಮ್ಮ ಮಾವಿಗೆ ಅಲ್ಲಿನ ಬಾಗಿಲು ತೆರೆಯಿತು. ಮೊದಲು ಮಹಾರಾಷ್ಟ್ರದ ಲಾಸಲ್‌ಗಾಂವ್, ಆಮೇಲೆ ನಿಮ್ಮದೇ ಜಿಲ್ಲೆಯ ಮಾಲೂರಿನಲ್ಲೂ ಘಟಕ ಬಂತು.

ಹಾಗಂತ ಇದೇನು ಮಂತ್ರದಂಡವಲ್ಲ. ಸಿ ಜೀವಸತ್ವ, ಬಿ1 ಸ್ವಲ್ಪ ಕಡಿಮೆಯಾಗುತ್ತವೆ. ಅದು ದೊಡ್ಡ ನಷ್ಟವಲ್ಲ, ಅಡುಗೆಯಲ್ಲೂ ಆಗುವಂಥದ್ದೇ. ನನಗೆ ಅನುಮಾನ ಇರುವುದು ಬೇರೆ ಕಡೆ. ಮೆಣಸಿನಕಾಯಿಯನ್ನು ಸರಿಯಾಗಿ ಒಣಗಿಸದೆ ಬೂಸ್ಟು ಹಿಡಿಸಿ, ಆಮೇಲೆ ಕಿರಣ ಹಾಯಿಸಿ ‘ಶುದ್ಧ’ ಎಂದು ಮಾರಿದರೆ? ಬ್ಯಾಕ್ಟೀರಿಯಾ ಸಾಯುತ್ತದೆ. ಬೂಸ್ಟು ಆಗಲೇ ಬಿಟ್ಟ ಅಫ್ಲಾಟಾಕ್ಸಿನ್ ವಿಷ ಮಾತ್ರ ಹೋಗುವುದಿಲ್ಲ. ಸಿಂಪಡಿಸಿದ ಕೀಟನಾಶಕಕ್ಕೂ ಇದನ್ನು ನಂಬಿ ಕೂರಬೇಡಿ.

ಪ್ರಮಾಣವೂ ಮುಖ್ಯ. 10 ಕಿಲೋಗ್ರೇವರೆಗೆ ಕಿರಣ ಹಾಯಿಸಿದ ಆಹಾರದಿಂದ ವಿಷದ ಅಪಾಯವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿ 1980ರಲ್ಲೇ ಹೇಳಿದೆ. ಮಾವಿನ 400 ಗ್ರೇ ಅಂದರೆ ಅರ್ಧ ಕಿಲೋಗ್ರೇಯೂ ಅಲ್ಲ. ಆಸ್ಟ್ರೇಲಿಯಾದಲ್ಲಿ 2008ರ ಸುಮಾರಿಗೆ ಕೆಲವು ಬೆಕ್ಕುಗಳ ಹಿಂಗಾಲು ಸ್ವಾಧೀನ ತಪ್ಪಿತ್ತು. ಅವು ತಿಂದದ್ದು 50 ಕಿಲೋಗ್ರೇಗೂ ಜಾಸ್ತಿ ಕಿರಣ ಹಾಯಿಸಿದ ಆಮದು ಆಹಾರ. ಅಲ್ಲಿನ ಸರ್ಕಾರ 2009ರಲ್ಲಿ ಬೆಕ್ಕಿನ ಆಹಾರಕ್ಕೆ ಈ ವಿಧಾನವನ್ನೇ ನಿಷೇಧಿಸಿತು.

ನಮ್ಮಲ್ಲೂ ಪೊಟ್ಟಣದ ಮೇಲೆ ಕಿರಣ ಹಾಯಿಸಿದ್ದೆಂದು ತಿಳಿಸುವ ಹಸಿರು ರಾಡುರಾ ಗುರುತು ಹಾಕಬೇಕೆಂಬ ನಿಯಮವಿದೆ. ಆದರೆ ಹೋಟೆಲಿನ ಸಾರಿಗೆ ಬಿದ್ದ ಖಾರದ ಪುಡಿಗೆ ಗುರುತು ಎಲ್ಲಿಂದ ಬರಬೇಕು? ಕೇಳಬೇಕಾದ ಪ್ರಶ್ನೆ ಇದು.

ಮಗಳಿಗೆ ಇನ್ನೊಂದು ಮಾತು ಹೇಳಿ. ಕಿರಣ ಹಾಯಿಸಿದ್ದಾರೆಂದು ಹಣ್ಣನ್ನು ಹಾಗೇ ಇಟ್ಟುಕೊಳ್ಳುವುದು ಬೇಡ. ತೊಳೆದು, ಹಣ್ಣಾದ ಕೂಡಲೇ ತಿನ್ನಲಿ. ತೊಟ್ಟಿನ ಸುತ್ತ ಕಪ್ಪಾಗಿ ಮೆತ್ತಗಾದದ್ದನ್ನು ಎಸೆಯಲಿ.

- ಸಂಪಾದಕ