ಆರನೇ ಕಲಮಿಗೇ ಓದು ನಿಲ್ಲಿಸಿದ್ದೆ

ಮಲಯದ (ಈಗಿನ ಮಲೇಷ್ಯಾದ) ಪೆರಾಕ್ ಸಂಸ್ಥಾನದ ಬ್ರಿಟಿಷ್ ರೆಸಿಡೆಂಟ್, ಅಂದರೆ ಅರಸನ ಆಸ್ಥಾನದಲ್ಲಿ ಕೂತ ಬ್ರಿಟಿಷ್ ಪ್ರತಿನಿಧಿ, ಮತ್ತೆ 1881ರ ನಂತರದ ಮೈಸೂರಿನ ರೆಸಿಡೆಂಟ್, ಇಬ್ಬರನ್ನೂ ಹೋಲಿಸಿ ಎಂ.ಎ. ಪ್ರಬಂಧ ಬರೆಯಬಹುದಾ, ಸುಲ್ತಾನರೂ ಅರಸರೂ ಕೈಗೊಂಬೆಗಳೇ ಅಲ್ವಾ ಅಂತ ಕೇಳಿದ್ದೀರಿ. ಅಯ್ಯೋ, ನಾನು ಅದನ್ನೇ ಬರೆದು ವೈವಾದಲ್ಲಿ ಮುಗ್ಗರಿಸಿದ್ದೆ.

1874ರ ಪಾಂಗ್ಕೋರ್ ಒಪ್ಪಂದದಲ್ಲಿ ಬ್ರಿಟಿಷ್ ಗವರ್ನರ್ ಆಂಡ್ರ್ಯೂ ಕ್ಲಾರ್ಕ್ ಪೆರಾಕ್‌ನ ಅಬ್ದುಲ್ಲಾನನ್ನು ಸುಲ್ತಾನ ಎಂದು ಒಪ್ಪಿದ. ಅದಕ್ಕೆ ಬದಲಾಗಿ ಅಬ್ದುಲ್ಲಾ ಒಬ್ಬ ರೆಸಿಡೆಂಟನ್ನು ಇಟ್ಟುಕೊಳ್ಳಬೇಕು. ಮಲಯರ ಧರ್ಮ, ಪದ್ಧತಿ ಬಿಟ್ಟು ಉಳಿದೆಲ್ಲದರಲ್ಲೂ ಅವನ ಸಲಹೆ ಕೇಳಬೇಕು, ಅದರಂತೆ ನಡೆಯಬೇಕು. ಇದು ಆರನೇ ಕಲಮು. ನಾನು ಅಲ್ಲಿಗೇ ನಿಲ್ಲಿಸಿದೆ. 'ಸಲಹೆ' ಅನ್ನೋ ಪದ ಸಿಕ್ಕಿತಲ್ಲ, ನಮ್ಮ ಮೈಸೂರಿನ ಹಾಗೇ ಅಂದುಕೊಂಡು ಮೂರು ಅಧ್ಯಾಯ ಕಟ್ಟಿಬಿಟ್ಟೆ.

ಪರೀಕ್ಷಕರು ಕೇಳಿದ್ದು ಒಂದೇ: "ಕಂದಾಯ ಯಾರ ಕೈಯಲ್ಲಿತ್ತು?" ನನ್ನ ಬಾಯಿ ಕಟ್ಟಿತು. ಉತ್ತರ ಹತ್ತನೇ ಕಲಮಿನಲ್ಲಿತ್ತು. ಕಂದಾಯದ ವಸೂಲಿ, ಅದರ ಹಿಡಿತ, ಇಡೀ ಆಡಳಿತ, ಎಲ್ಲವೂ ರೆಸಿಡೆಂಟನ 'ಸಲಹೆ'ಯಂತೆ! ನನ್ನ ಜೆರಾಕ್ಸ್ ಹಾಳೆಯಲ್ಲೇ ಇತ್ತು, ನಾಲ್ಕು ಕಲಮು ಕೆಳಗೆ. ಪುಟ ತಿರುಗಿಸಿರಲಿಲ್ಲ, ಅಷ್ಟೇ. ಮೈಸೂರಿನಲ್ಲಿ ದಿವಾನರು ಆಡಳಿತ ನಡೆಸುತ್ತಿದ್ದರು, ರೆಸಿಡೆಂಟ್ ಮೇಲಿಂದ ಕಣ್ಣಿಡುತ್ತಿದ್ದ. ಪೆರಾಕ್‌ನಲ್ಲಿ ರೆಸಿಡೆಂಟನೇ ದಿವಾನನೂ ಆಗಿ ಕೂತ. ಇಷ್ಟು ದೊಡ್ಡ ವ್ಯತ್ಯಾಸ ನನಗೆ ಕಂಡಿರಲಿಲ್ಲ.

ಮೊದಲ ರೆಸಿಡೆಂಟ್ ಬರ್ಚ್‌ನನ್ನು 1875ರ ನವೆಂಬರ್ 2ರಂದು ಪಾಸಿರ್ ಸಲಾಕ್‌ನಲ್ಲಿ ಕೊಂದರು. ಅವನು ನದಿಯಲ್ಲಿ ಸ್ನಾನಕ್ಕೆ ಇಳಿದಿದ್ದ. 'ಮುಂಗೋಪಿ, ಅದಕ್ಕೇ ಸತ್ತ' ಅಂತ ನಾನು ಸುಮ್ನೆ ಬರೆದಿದ್ದೆ. ಮುಂಗೋಪಿ ಹೌದು. ಆದರೆ ಊರ ಮುಖಂಡರು ಸುಂಕದ ಮೇಲೆ ಬದುಕುತ್ತಿದ್ದರು, ಇವನು ಅದಕ್ಕೇ ಕೈ ಹಾಕಿದ. ಅಬ್ದುಲ್ಲಾನನ್ನು ಸೇಶೆಲ್ಸ್‌ಗೆ ಗಡೀಪಾರು ಮಾಡಿದರು. 1877ರಲ್ಲಿ ರೆಸಿಡೆಂಟ್ ಆಗಿ ಬಂದ ಹ್ಯೂ ಲೋ ಜಾಣ. ಹಿಡಿತ ಬಿಡಲಿಲ್ಲ, ಆದರೆ ಮುಖಂಡರನ್ನು ರಾಜ್ಯ ಮಂಡಳಿಯಲ್ಲಿ ಕೂರಿಸಿ ಸಮಾಧಾನ ಮಾಡಿದ.

ಇನ್ನು 'ಕೈಗೊಂಬೆ' ಪದ. ಅದನ್ನು ಮೊದಲು ಅಳಿಸಿ. ಸುಲ್ತಾನರ ಅಧಿಕಾರ ಕಿತ್ತುಕೊಳ್ಳಲು ಬ್ರಿಟಿಷರು ಮಲಯನ್ ಯೂನಿಯನ್ ತಂದರು, ಅಂದರೆ ಮಲಯ ಸಂಸ್ಥಾನಗಳನ್ನೆಲ್ಲ ಒಬ್ಬ ಬ್ರಿಟಿಷ್ ಗವರ್ನರ್ ಕೈಕೆಳಗೆ ಸೇರಿಸುವ ವ್ಯವಸ್ಥೆ. ಅದಕ್ಕೆ ಒಪ್ಪಿ ಸಹಿ ಹಾಕಿದ್ದ ಅದೇ ಸುಲ್ತಾನರು 1946ರ ಏಪ್ರಿಲ್ 1ರಂದು ಆ ಗವರ್ನರ್ ಪದಗ್ರಹಣಕ್ಕೆ ಹೋಗಲೇ ಇಲ್ಲ. ಮಲಯ ಜನ ಅವರ ಜೊತೆ ನಿಂತರು. 1948ರಲ್ಲಿ ಯೂನಿಯನ್ ಹೋಯಿತು, ಸುಲ್ತಾನರು ಉಳಿದರು.

ಮೈಸೂರು ಬೇಕೇ ಬೇಕು ಅಂದರೆ 1831ರಿಂದ 1881ರವರೆಗಿನ ಕಮಿಷನರ್ ಆಳ್ವಿಕೆ ತಗೊಳ್ಳಿ. ಆಗ ಅರಮನೆಯಲ್ಲಿ ಅರಸರಿದ್ದರು, ಬೊಕ್ಕಸದ ಬೀಗ ಬ್ರಿಟಿಷರ ಹತ್ತಿರವಿತ್ತು. ಪೆರಾಕ್‌ಗೆ ಹತ್ತಿರ ಬರುವುದು ಆ ಮೈಸೂರು.