ಎರಡೇ ದಿನಕ್ಕೆ ನಿಂತ ಕಡಿತ

ದಾವಣಗೆರೆಯ ಓದುಗರೊಬ್ಬರು ಚೀಟಿಯ ನಕಲು ಸಮೇತ ಬರೆದಿದ್ದಾರೆ: ‘ನಮ್ಮ ಯಜಮಾನರಿಗೆ ತೊಡೆಸಂದಿಯಲ್ಲಿ ಹುಳಕಡ್ಡಿ. ಮೆಡಿಕಲ್ ಶಾಪಿನ ಟ್ಯೂಬಿಗೆ ಎರಡೇ ದಿನಕ್ಕೆ ಕಡಿತ ನಿಂತಿತು. ತಿಂಗಳಲ್ಲಿ ಮತ್ತೆ ಬಂತು. ಆಸ್ಪತ್ರೆಯಲ್ಲಿ ಆ ಟ್ಯೂಬು ಬಿಡಿಸಿ ನಾಲ್ಕು ಔಷಧಿ ಬರೆದರು. ಒಂದು ಹುಳಕಡ್ಡಿಗೆ ಇಷ್ಟೊಂದು ಬೇಕಾ?’

ನಮಸ್ಕಾರ. ನಿಮಗೆ ‘ನಾಲ್ಕು’ ಜಾಸ್ತಿ ಅನ್ನಿಸಿದೆ. ನನಗೆ ಭಯ ಆಗಿದ್ದು ಆ ‘ಎರಡೇ ದಿನ’ ಓದಿ.

ಹುಳಕಡ್ಡಿ ಫಂಗಸ್ಸಿನಿಂದ ಬರುತ್ತೆ. ಬರೀ ಫಂಗಸ್ ಔಷಧಿಗೆ ಕಡಿತ ಅಷ್ಟು ಬೇಗ ನಿಲ್ಲೋದು ಅಪರೂಪ. ಟ್ಯೂಬಿನ ಸಣ್ಣ ಅಕ್ಷರ ಓದಿ. ಕ್ಲೊಬೆಟಾಸಾಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಇವುಗಳಲ್ಲಿ ಒಂದಿದ್ದರೂ ಅದು ಸ್ಟೀರಾಯ್ಡ್. ಕಡಿತ, ಕೆಂಪು ತಗ್ಗುತ್ತೆ. ಆದರೆ ಫಂಗಸ್ಸನ್ನು ತಡೆಯುವ ಚರ್ಮದ ಶಕ್ತಿಯೂ ತಗ್ಗುತ್ತೆ. ಒಳಗೊಳಗೇ ಹರಡುತ್ತೆ. ಉಂಗುರದ ಅಂಚು ಮಾಸಿ, ಡಾಕ್ಟರಿಗೂ ಗುರುತು ಸಿಗುವುದು ಕಷ್ಟ. ತೊಡೆಸಂದಿಯ ತೆಳು ಚರ್ಮದಲ್ಲಿ ಬಿರುಕಿನಂಥ ಗೆರೆ ಎದ್ದರೆ ಅದು ಪೂರ್ತಿ ಹೋಗಲ್ಲ.

2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಒಂದರಲ್ಲೇ ಹಲವು ಔಷಧಿ ಸೇರಿಸಿ ಮಾಡಿದ 328 ಬಗೆಯ ಔಷಧಿಗಳನ್ನು ನಿಷೇಧಿಸಿತು. ಆದರೂ ಕೌಂಟರಿನಲ್ಲಿ ಕೇಳಿದವರಿಗೆ ಸಿಗ್ತಾನೇ ಇದೆ. ಅಂಗಡಿಯವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಎಷ್ಟೋ ಡಾಕ್ಟರುಗಳ ಚೀಟಿಯಲ್ಲೂ ಇದೇ ಟ್ಯೂಬು ಇರುತ್ತೆ.

ಇನ್ನು ನಿಮ್ಮ ಚೀಟಿ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮತ್ತು ಲುಲಿಕೊನಜೋಲ್ ಕ್ರೀಮು ಫಂಗಸ್ಸಿಗೆ. ಲಿವೋಸಿಟ್ರಿಜಿನ್ ಕಡಿತಕ್ಕೆ. ಈ ಮೂರರ ಬಗ್ಗೆ ನನ್ನ ತಕರಾರಿಲ್ಲ. ಹಿಂದೆಲ್ಲಾ ಫಂಗಸ್ಸಿಗೆ ಟರ್ಬಿನಾಫಿನ್ ಅನ್ನೋ ಮಾತ್ರೆಯೇ ಸಾಕಾಗ್ತಿತ್ತು. ಈಗ ನಮ್ಮಲ್ಲಿ ಹರಡಿರುವ ಫಂಗಸ್ ಬೇರೆ. ಭಾರತ, ನೇಪಾಳದ ರೋಗಿಗಳಲ್ಲಿ ಸಿಕ್ಕ ಅದಕ್ಕೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ಅದರಲ್ಲಿ ಬಹಳಷ್ಟು ಟರ್ಬಿನಾಫಿನ್‌ಗೆ ಬಗ್ಗಲ್ಲ. ಒಬ್ಬ ಡಾಕ್ಟರು ಒಂದು, ಇನ್ನೊಬ್ಬರು ಇನ್ನೊಂದು ಬರೆಯಲು ಇದೂ ಒಂದು ಕಾರಣ.

ನಾಲ್ಕನೆಯದು ಪ್ಯಾಂಟೊಪ್ರಜೋಲ್, ಗ್ಯಾಸಿನ ಮಾತ್ರೆ. ಇದು ಬೇಕಾ ಅಂತ ಡಾಕ್ಟರನ್ನು ಖಂಡಿತ ಕೇಳಿ. ಯಾವ ಕಾಯಿಲೆಗೆ ಹೋದರೂ ಇದೊಂದು ಬರೆಯುವ ರೂಢಿ ನಮ್ಮಲ್ಲಿದೆ. ಆದರೆ ಸಾಮಾನ್ಯ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಮೈಗೆ ಹತ್ತಲು ಹೊಟ್ಟೆಯಲ್ಲಿ ಆಮ್ಲ ಬೇಕು. ಅದಕ್ಕೇ ಅದನ್ನು ಊಟ ಆದ ತಕ್ಷಣ ತಗೊಳ್ಳೋದು. ಆಮ್ಲ ತಗ್ಗಿಸುವ ಮಾತ್ರೆ ಜೊತೆಗಿದ್ದರೆ ದುಬಾರಿ ಕ್ಯಾಪ್ಸೂಲ್ ಅರ್ಧಕ್ಕರ್ಧ ದಂಡ ಆಗಬಹುದು. ಯಜಮಾನರಿಗೆ ಹೃದಯದ ಅಥವಾ ಲಿವರಿನ ತೊಂದರೆ ಇದ್ದರೆ ಅದನ್ನೂ ಡಾಕ್ಟರಿಗೆ ಹೇಳಲೇಬೇಕು.

ಒಂದು ಚೀಟಿಗೆ ಸರಾಸರಿ ಎಷ್ಟು ಔಷಧಿ ಅಂತ ಮೆಡಿಕಲ್ ಕಾಲೇಜುಗಳಲ್ಲಿ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಕೊಟ್ಟ ಅಳತೆಗಳಲ್ಲಿ ಅದೂ ಒಂದು. ಚರ್ಮದ ವಿಷಯದಲ್ಲಿ ಆ ಲೆಕ್ಕ ಅಷ್ಟು ಸಾಲದು ಅಂತ ನನ್ನ ಅಭಿಪ್ರಾಯ. ನುಂಗಲು ಒಂದು, ಹಚ್ಚಲು ಒಂದು ಅಂದರೇ ಎರಡಾಯ್ತಲ್ವಾ? ನಿಮ್ಮ ಚೀಟಿಯಲ್ಲಿ ಕ್ರೀಮಿನ ಮುಂದೆ ಬರೀ ‘ಹಚ್ಚಿ’ ಅಂತಿದೆ. ಎಷ್ಟು, ಎಲ್ಲಿವರೆಗೆ, ಎಷ್ಟು ದಿನ? ಒಂದೂ ಇಲ್ಲ. ನನಗೆ ದೊಡ್ಡ ಕೊರತೆ ಅನ್ನಿಸಿದ್ದು ಇದೇ. ಸಾಮಾನ್ಯವಾಗಿ ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಕಲೆಯ ಅಂಚು ದಾಟಿ ಸ್ವಲ್ಪ ಹೊರಗೂ ಹಚ್ಚಬೇಕು.

ಹಳೆ ಟ್ಯೂಬು ಬಿಟ್ಟ ಮೇಲೆ ಕೆಲವು ದಿನ ಕಡಿತ ಜಾಸ್ತಿ ಆಗಬಹುದು. ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ. ಕಡಿತ ನಿಂತಿತು ಅಂತ ಕ್ಯಾಪ್ಸೂಲನ್ನು ನೀವೇ ನಿಲ್ಲಿಸಬೇಡಿ. ಮನೆಯಲ್ಲಿ ಬೇರೆ ಯಾರಿಗಾದರೂ ಕಡಿತ ಇದ್ದರೆ, ಮುಂದಿನ ಸಲ ಅವರನ್ನೂ ಕರೆದುಕೊಂಡು ಹೋಗಿ.

– ಸಂಪಾದಕ