ಕಾಪು ದೀಪಸ್ತಂಭಕ್ಕೆ ಬೆಳಿಗ್ಗೆ ಬೇಡ, ಸಂಜೆ ಹೋಗಿ

ಮಂಡಿನೋವಿರುವ ಅಮ್ಮನ ಜೊತೆ ಮಂಗಳೂರಿಂದ ಹೊರಟು, ಬೆಳಿಗ್ಗೆ ಕಾಪು ದೀಪಸ್ತಂಭ ನೋಡಿ ಆಮೇಲೆ ಉಡುಪಿಗೆ ಹೋಗಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಉಲ್ಟಾ ಮಾಡಿ. ಮೊದಲು ಉಡುಪಿ, ಮಠದಲ್ಲಿ ಊಟ, ವಾಪಸ್ ಬರುವಾಗ ಕಾಪು. ದೀಪಸ್ತಂಭದ ಒಳಗೆ ಜನರನ್ನು ಬಿಡುವುದೇ ಸಂಜೆ, ಅದೂ ಸ್ವಲ್ಪ ಹೊತ್ತು. 1901ರಲ್ಲಿ ಕಟ್ಟಿದ್ದು, ಸುಮಾರು 27 ಮೀಟರ್ ಎತ್ತರ, ಒಳಗಿನ ಮೆಟ್ಟಿಲು ಇಕ್ಕಟ್ಟು, ಹಾಗಾಗಿ ಅಮ್ಮನನ್ನು ಖಂಡಿತ ಹತ್ತಿಸಬೇಡಿ. ಬುಡದ ಬಂಡೆ ಏರುವುದಕ್ಕೂ ಮೆಟ್ಟಿಲೇ ಇರುವುದು. ಅವರು ಕೆಳಗೆ ಮರಳಲ್ಲಿ ಆರಾಮಾಗಿ ಕೂರಲಿ, ಅಲೆ ಬಂಡೆಗೆ ಬಡಿದು ಬಿಳಿ ನೊರೆ ಚಿಮ್ಮುವುದು ಅಲ್ಲಿಂದಲೇ ಜಾಸ್ತಿ ಚೆನ್ನಾಗಿ ಕಾಣುತ್ತದೆ. ನೀವು ಮಾತ್ರ ಹತ್ತಿ, ಬಿಡಬೇಡಿ. ಮಳೆಗಾಲವಾದರೆ ಬಂಡೆಯ ಅಂಚಿಗೆ ಹೋಗಲೇಬೇಡಿ, ಪಾಚಿಗೆ ಕಾಲು ಜಾರುತ್ತದೆ.